ಹಿಂಬಾಗಿಲಿನಿಂದ ಬರುತ್ತಿದ್ದವರು

ಮೂಡುಬಿದಿರೆಯಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ಆ ಟೈಲರ್ ಹೆಂಗಸು ನೆನಪಾದಾಗಲೆಲ್ಲ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಕಾಣಿಸುತ್ತಾರೆ. ಮೊದಲು ಹಾಗಿರಲಿಲ್ಲ. ಸಂಜೆ ಅಂಗಡಿ ಮುಚ್ಚಿ ಬಂದು ಗೇಟಿನ ಚಿಲಕ ತೆಗೆದರೆ ಸಾಕು, ಅವರ ನಾಯಿ ಎದೆಯೆತ್ತರಕ್ಕೆ ಹಾರುತ್ತಿತ್ತು. ಮನೆಯಲ್ಲಿ ಅವರಿಬ್ಬರೇ. ಹಾಗೆ ಹಾರಿದ ಒಂದು ದಿನವೇ ಅದರ ಹಿಂಗಾಲಿನ ಮೊಣಕಾಲಲ್ಲಿ ಲಿಗಮೆಂಟ್ ಅರ್ಧ ಹರಿಯಿತು. ಪಶುವೈದ್ಯರು ನೋವಿನ ಮಾತ್ರೆ ಕೊಟ್ಟು, ಕಟ್ಟಿಯೇ ಇಡಬೇಕು, ಇನ್ನು ಹಾರಿದರೆ ಪೂರ್ತಿ ಹರಿದೀತು ಎಂದರು.

ಅಂದಿನಿಂದ ಅವರು ನಮ್ಮ ಅಂಗಳದ ಮೂಲಕ, ಬರಿಗಾಲಲ್ಲಿ, ತಮ್ಮ ಹಿಂಬಾಗಿಲಿಗೆ ಹೋಗತೊಡಗಿದರು.

"ನಿಮ್ಮ ಮನೆಗೆ ನೀವೇ ಕಳ್ಳರ ಹಾಗೆ ಹೋಗುವುದಾ?" ಎಂದು ನಾನು ನಕ್ಕಿದ್ದೆ.

"ಮೆಲ್ಲ ಮಾರಾಯ್ರೆ, ಅವನಿಗೆ ಗೊತ್ತಾಗ್ತದೆ."

ದಿನವೂ ಅದೇ ಮಾತು. ಒಳಗೂ ಅವರು ನಾಯಿಯೊಡನೆ ಮಾತಾಡುತ್ತಿರಲಿಲ್ಲ. ದನಿ ಕೇಳಿದರೆ ಅದು ಕುಣಿಯುತ್ತಿತ್ತು. ಗೋಡೆಯಾಚೆಯ ಆ ಮೌನ ಆಗಲೇ ನನ್ನನ್ನು ತಟ್ಟಿತ್ತೋ, ಈಗ ಒಬ್ಬನೇ ಇರುವ ನಾನು ಸೇರಿಸುತ್ತಿದ್ದೇನೋ, ಹೇಳಲಾರೆ.

ಕಾಲು ವಾಸಿಯಾಯಿತು, ಬಿಡಬಹುದು ಎಂದು ವೈದ್ಯರು ಹೇಳಿದ ಮರುದಿನ ಸಂಜೆ ಅವರು ಚಪ್ಪಲಿ ಮೆಟ್ಟಿಕೊಂಡೇ ಎದುರಿನ ಗೇಟಿನಿಂದ ಬಂದರು. ಚಿಲಕ ಸದ್ದು ಮಾಡಿತು. ನಾಯಿ ಎದ್ದು, ಕುಂಟದೆ ನಡೆದು ಬಂದು, ಅವರ ಪಾದ ಮೂಸಿ, ತಿರುಗಿ ಹೋಗಿ ಮಲಗಿತು.

"ಕಾಲು ಸರಿ ಉಂಟು," ಎಂದರು ನನ್ನ ಕಡೆ ನೋಡಿ.

ಆಮೇಲೆ ಹೊರಗೆ ಹೋಗಿ, ಗೇಟು ಹಾಕಿ, ಚಿಲಕವನ್ನು ಇನ್ನೂ ಜೋರಾಗಿ ಬಡಿದು ಮತ್ತೆ ಒಳಗೆ ಬಂದರು.