ಅರ್ಧ ಏಟು

ನನ್ನ ಬಲಗೈ ಹೆಬ್ಬೆರಳಿಗೆ ‘ಸಾಕು’ ಎಂದರೆ ತಿಳಿಯುವುದಿಲ್ಲ. ಇದು ನನಗೆ ಗೊತ್ತಾದದ್ದು ಗಾಲ್ಫ್ ಆಡುವಾಗ. ಗಾಬರಿಯಾಗಬೇಡಿ, ಹಾವೇರಿಗೆ ಇನ್ನೂ ಗಾಲ್ಫ್ ಮೈದಾನ ಬಂದಿಲ್ಲ. ನಾನು ಆಡುವುದು ಮೊಬೈಲಿನಲ್ಲಿ, ಲುಂಗಿ ಉಟ್ಟು, ಮನೆಯ ಕಟ್ಟೆಯ ಮೇಲೆ ಕೂತು. ಆಟದ ಮೈದಾನವನ್ನು ಮೊದಲ ಸಲ ಇಣುಕಿ ನೋಡಿದ ನಮ್ಮವ್ವ, “ಇಷ್ಟ್ ಹಸರ ಹುಲ್ಲೈತಿ, ಒಂದ್ ಎಮ್ಮೀನೂ ಕಾಣವಲ್ದು! ಯಾರ್ದೋ ಹೊಲಾ?” ಎಂದಳು. ನಾನು ಟವೆಲ್ಲನ್ನು ಸೆರಗಿನಂತೆ ಹೊದ್ದು, ಅದೇ ಧ್ವನಿಯಲ್ಲಿ ಅದೇ ಮಾತನ್ನು ಅವಳಿಗೇ ಆಡಿ ತೋರಿಸಿದೆ. ಲಟ್ಟಣಿಗೆ ಹಾರಿ ಬಂತು. ಅಣಕಿಸುವುದು ನನ್ನ ಹುಟ್ಟುಗುಣ. ತಪ್ಪಿಸಿಕೊಳ್ಳುವುದು ಆಮೇಲೆ ಕಲಿತದ್ದು.

ಆಟ ಸುಲಭ. ಬಾವುಟ ನೆಟ್ಟ ಕುಳಿಗೆ ಕಡಿಮೆ ಏಟಿನಲ್ಲಿ ಚೆಂಡು ಬೀಳಿಸಿದವರು ಗೆದ್ದರು. ಪರದೆಯ ಮೇಲಿನ ಚೆಂಡನ್ನು ಬೆರಳಿನಿಂದ ಹಿಂದಕ್ಕೆ ಎಳೆಯಬೇಕು. ಎಷ್ಟು ಎಳೆಯುತ್ತೀರೋ ಅಷ್ಟು ಜೋರು. ಒಂದು ಮುಳ್ಳು ಅತ್ತಿತ್ತ ತೂಗಾಡುತ್ತದೆ. ಅದು ನಡುವಿಗೆ ಬಂದಾಗ ಬೆರಳು ಬಿಟ್ಟರೆ ಚೆಂಡು ನೆಟ್ಟಗೆ ಹೋಗುತ್ತದೆ. ನಾನೂ ನನ್ನ ಗೆಳೆಯ ರಿಯಾಜನೂ ಆಡುವುದು ಜೋಡಿ ಆಟ, ಅವನೊಂದು ಏಟು, ನಾನೊಂದು ಏಟು. ಮೊದಲ ಉದ್ದನೆಯ ಏಟು ರಿಯಾಜನದು. ಅವನು ಹೊಡೆದರೆ ಚೆಂಡು ಪಕ್ಕದೂರು ಕರ್ಜಗಿ ದಾಟಿತೇನೋ ಅನ್ನಿಸಬೇಕು. ಕುಳಿಯ ಹತ್ತಿರ ಹೋಗಿ ಬಿದ್ದ ಚೆಂಡನ್ನು ಮೆಲ್ಲಗೆ ಎತ್ತಿ ಬಾವುಟದ ಪಕ್ಕ ಇಳಿಸುವ ಕೆಲಸ ನನ್ನದು. ಅದಕ್ಕೆ ಮುಖ ಓರೆಯಾಗಿರುವ ಒಂದು ಗಿಡ್ಡ ಕೋಲು ಇದೆ, ಹೆಸರು ವೆಡ್ಜ್. ಜಗತ್ತಿನ ಅತ್ಯಂತ ವಿನಯದ ಕೋಲು ಅದು. ನನ್ನ ಕೈಗೆ ಬಂದದ್ದೇ ಒನಕೆಯಾಗುತ್ತಿತ್ತು. ಚೆಂಡು ಬಾವುಟದ ತಲೆಯ ಮೇಲಿಂದ ಹಾರಿ ಆಚೆಯ ಮರಳಿನಲ್ಲೋ ನೀರಿನಲ್ಲೋ ಬೀಳುತ್ತಿತ್ತು.

ರಿಯಾಜ ತಿಂಗಳುಗಟ್ಟಲೆ ಸಹಿಸಿದ. ಕೊನೆಗೆ ಒಂದು ದಿನ ಎಡ ಹುಬ್ಬು ಏರಿಸಿದ. “ಮಂಜ್ಯಾ, ನಾ ಪಂಕ್ತ್ಯಾಗ ಕುಂದ್ರಸಿ ಬರ್ತೇನಿ, ನೀ ಹೋಗಿ ಎಲೀನ ಒದೀತಿ. ಐತ್ವಾರ ರಾಣೆಬೆನ್ನೂರಿನವರ ಜೋಡಿ ಆಟ ಐತಿ. ಅವತ್ತೂ ಹಿಂಗ ಮಾಡಿದ್ಯಂದ್ರ ಬ್ಯಾಡಗಿಯ ನಮ್ಮ ಖಾಲಾನ ಮಗನ್ನ ಜೋಡಿ ಮಾಡ್ಕೊಂತೇನಿ, ನೋಡ್ ಮತ್ತ!”

ಖಾಲಾ ಎಂದರೆ ಅವನ ತಾಯಿಯ ತಂಗಿ. ಆ ಮಗನ ಆಟ ನಾನು ನೋಡಿದ್ದೆ, ದುರದೃಷ್ಟವಶಾತ್ ಚೆನ್ನಾಗಿತ್ತು. ದಿನವಿಡೀ ಬೀಜದಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಬರುವ ನನಗೆ ಸಂಜೆಯ ಆ ಒಂದು ತಾಸು, ಪಕ್ಕದಲ್ಲಿ ರಿಯಾಜ, ನಡುವೆ ಒಂದು ಪೊಟ್ಟಣ ಖಾರಾ ಚುರುಮುರಿ ಎಂದರೆ ಸ್ವರ್ಗಕ್ಕೆ ಒಂದೇ ಮೆಟ್ಟಿಲು ಬಾಕಿ. ಆ ಜಾಗದಲ್ಲಿ ಇನ್ನೊಬ್ಬ ಕೂರುವುದೆಂದರೆ?

ನನ್ನ ರೋಗದ ಮೂಲ ಸಿಕ್ಕಿದ್ದು ಊಟಕ್ಕೆ ಕೂತಾಗ. ನಾನು “ಸಾಕವ್ವಾ” ಎಂದೆ. ಅವ್ವ ಇನ್ನೊಂದು ರೊಟ್ಟಿ ಹಾಕಿದಳು. “ಸಾಕಂದ್ನೆಲ್ಲ?” ಎಂದರೆ, “ಸಾಕಂದಮ್ಯಾಲೂ ಒಂದ್ ಹಾಕ್ಬೇಕಪ್ಪಾ. ಇಲ್ಲಂದ್ರ ಬಂದವ್ರು ಏನ್ ತಿಳ್ಕೊಂತಾರ?” ಎಂದಳು. ನಾನು ಬಂದವನಲ್ಲ, ಅದೇ ಮನೆಯಲ್ಲಿ ಹುಟ್ಟಿದವನು ಎಂದು ವಾದಿಸುವ ಮೊದಲೇ ಬದನೆಕಾಯಿ ಪಲ್ಯವೂ ಬಿತ್ತು. ನಮ್ಮ ಕಡೆ ‘ಸಾಕು’ ಎನ್ನುವುದು ನಿಲ್ಲಿಸುವ ಮಾತಲ್ಲ, ಇನ್ನೊಂದು ಸುತ್ತು ಶುರು ಮಾಡಿ ಎಂಬ ಸೂಚನೆ. ಅರ್ಧಕ್ಕೆ ಕೈ ಹಿಡಿದರೆ ಜಿಪುಣರ ಮನೆ ಎಂಬ ಹೆಸರು ಬರುತ್ತದೆ. ಹೀಗೆ ಬಡಿಸಿ ಬಡಿಸಿ ಬೆಳೆದ ವಂಶದ ಹೆಬ್ಬೆರಳು ನನ್ನದು. ಅದಕ್ಕೆ ಅರ್ಧ ಎಳೆ ಎಂದರೆ ಎಲ್ಲಿ ಎಳೆದೀತು? ಚೆಂಡಿಗೂ ಒಂದು ರೊಟ್ಟಿ ಹೆಚ್ಚೇ ಬಡಿಸುತ್ತಿತ್ತು.

ಅಂದಿನಿಂದ ಆಟದೊಳಗಿನ ಅಭ್ಯಾಸದ ಅಂಗಳದಲ್ಲಿ ಒಬ್ಬನೇ ಕೂತೆ. ಮೊದಲು ಬಾವುಟ ನೋಡುವುದನ್ನು ಬಿಟ್ಟೆ. ಚೆಂಡು ಬೀಳಬೇಕಾದದ್ದು ಬಾವುಟದ ಮೇಲಲ್ಲ, ಅದಕ್ಕಿಂತ ಈಚೆ. ಬಿದ್ದ ಮೇಲೆ ಅದು ಒಂದೆರಡು ಸಲ ಪುಟಿದು ತಾನೇ ಉರುಳಿಕೊಂಡು ಹೋಗುತ್ತದೆ. ಅದಕ್ಕೂ ಒಂದಿಷ್ಟು ಕೆಲಸ ಬಿಡಬೇಕು. ಗಾಳಿ ಎದುರಿದ್ದರೆ ಕೂದಲೆಳೆಯಷ್ಟು ಜಾಸ್ತಿ, ಹಿಂದಿದ್ದರೆ ಅಷ್ಟೇ ಕಡಿಮೆ. ಈ ‘ಕಡಿಮೆ’ಯಲ್ಲೇ ನನ್ನ ಪ್ರಾಣ ಹೋಗುತ್ತಿತ್ತು. ಬೆರಳು ಅರ್ಧಕ್ಕೆ ಬಂದಾಗ ಒಳಗಿನಿಂದ ಅವ್ವನ ಧ್ವನಿ: ಇನ್ನೊಂದೀಟ, ಇನ್ನೊಂದೀಟ.

ಕೈ ಹಿಡಿದದ್ದು ನನ್ನ ಅಣಕದ ವಿದ್ಯೆಯೇ. ಮೇಡ್ಲೇರಿಯ ಮಾವನನ್ನು ನಾನು ಮೊದಲೆಲ್ಲ ಪೂರ್ತಿ ಅಭಿನಯಿಸುತ್ತಿದ್ದೆ: ಕೆಮ್ಮು, ನಡಿಗೆ, ಧೋತರದ ಚುಂಗು, ಎಲ್ಲ. ಜನ ಮರ್ಯಾದೆಗೆ ನಗುತ್ತಿದ್ದರು. ಒಮ್ಮೆ ಗಂಟಲು ಕೆಟ್ಟು ಬರೀ ಆ ಕೆಮ್ಮಿನ ಮೊದಲ ಚೂರು ತೆಗೆದೆ, ಮನೆಯೇ ಉರುಳಾಡಿತು. ಉಳಿದ ಮಾವನನ್ನು ನೋಡುವವರೇ ತುಂಬಿಕೊಂಡಿದ್ದರು. ಇದು ನೆನಪಾದದ್ದೇ ತಡ, ಚೆಂಡನ್ನು ಕೆಮ್ಮಿನಷ್ಟೇ ಎಳೆದು ಬಿಟ್ಟೆ. ಅದು ಎದ್ದಿತು, ಬಿತ್ತು, ಉರುಳಿ ಬಾವುಟದ ಬುಡಕ್ಕೆ ಹೋಗಿ ನಿಂತಿತು. ಕಟ್ಟೆಯ ಮೇಲೆ ಒಬ್ಬನೇ ಎದ್ದು ನಿಂತು ಚಪ್ಪಾಳೆ ತಟ್ಟಿಕೊಂಡೆ. ಹಾದು ಹೋಗುತ್ತಿದ್ದವರು ಬಾಗಿಲಲ್ಲಿ ನಿಂತಿದ್ದ ನಮ್ಮವ್ವನನ್ನು ಕನಿಕರದಿಂದ ನೋಡಿದರು.

ಐತ್ವಾರ ಬಂತು. ಬ್ಯಾಡಗಿಯಲ್ಲಿ ನೆಟ್ ಗಟ್ಟಿ ಎಂದು ರಿಯಾಜ ಖಾಲಾನ ಮನೆಗೇ ಕರೆದೊಯ್ದ. ನನ್ನ ಜಾಗಕ್ಕೆ ಬರಬಹುದಾದ ಆ ಮಗ ಬಾಗಿಲಲ್ಲೇ ನಗುತ್ತ ನಿಂತಿದ್ದ. ರಾಣೆಬೆನ್ನೂರಿನ ಅಣ್ಣತಮ್ಮಂದಿರು ತಮ್ಮ ಮನೆಯಲ್ಲಿ ಕೂತೇ ಆಡುತ್ತಿದ್ದರು. ಅವರ ನಗು ಮಾತ್ರ ಫೋನಿನಿಂದ ಬರುತ್ತಿತ್ತು. ಕೊನೆಯ ಕುಳಿಗೆ ಬರುವಾಗ ಎರಡೂ ಜೋಡಿ ಸರಿಸಮ. ಅಣ್ಣತಮ್ಮಂದಿರು ನಾಲ್ಕು ಏಟಿನಲ್ಲಿ ಮುಗಿಸಿದರು. ನಾವು ಮೂರರಲ್ಲಿ ಮುಗಿಸಿದರೆ ಗೆದ್ದಂತೆ.

ರಿಯಾಜ ಬೀಸಿದ. ಚೆಂಡು ಹೋಗಿ ಕುಳಿಯ ಅಂಗಳದ ಅಂಚಿಗೆ ಬಿತ್ತು. ಈಗ ನಾನು. ಬಾವುಟ ನೋಡಲಿಲ್ಲ, ಈಚೆಯ ಹುಲ್ಲು ನೋಡಿದೆ, ಅರ್ಧ ಎಳೆದೆ, ಬಿಟ್ಟೆ. ಚೆಂಡು ಎದ್ದು, ಪುಟಿದು, ಉರುಳಿ, ಕುಳಿಯಿಂದ ಒಂದು ಗೇಣು ಈಚೆ ನಿಂತಿತು.

“ಯಾ ಅಲ್ಲಾ!” ಎಂದ ರಿಯಾಜ. ಇನ್ನು ಅವನು ಮುಟ್ಟಿದರೆ ಸಾಕು. ಮುಟ್ಟಿದ. ಚೆಂಡು ಕುಳಿಯ ಅಂಚು ಸವರಿ ಆಚೆ ಓಡಿತು, ಇಳಿಜಾರಿನಲ್ಲಿ ಇಳಿಯಿತು, ನೀರಿಗೆ ಬಿತ್ತು. ಪಾಪ, ಅವನ ತಪ್ಪಲ್ಲ. ಇಷ್ಟು ದಿನ ನಾನು ಅವನಿಗೆ ದೂರದ ಚೆಂಡನ್ನೇ ಬಿಟ್ಟುಕೊಟ್ಟಿದ್ದೆ. ಗೇಣುದ್ದದ ಏಟು ಅವನ ಬೆರಳಿಗೆ ಗೊತ್ತೇ ಇರಲಿಲ್ಲ. ನಾವು ಸೋತೆವು. ಫೋನಿನೊಳಗೆ ರಾಣೆಬೆನ್ನೂರು ಸೀಟಿ ಹೊಡೆಯಿತು.

“ಘಾಟಲೇ! ಮೆಣಸಿನಕಾಯಿ ಘಾಟ ಕಣ್ಣಿಗೆ ಬಡೀತು!” ಎಂದ ರಿಯಾಜ ಕಣ್ಣುಜ್ಜಿಕೊಳ್ಳುತ್ತ.

ಒಳಗಿನಿಂದ ಖಾಲಾ ಕೂಗಿದರು, “ಯಾವ ಘಾಟೋ ಬೇಟಾ? ಹೊಸಾ ಮೆಣಸಿನಕಾಯಿ ಬರಾಕ ಇನ್ನೂ ಥಂಡಿ ಬರ್ಬೇಕು. ಮಾರ್ಕೆಟ್ ಖಾಲಿ ಬಿದ್ದೈತಿ!”

ರಿಯಾಜ ನನ್ನತ್ತ ತಿರುಗಿದ. ಪಂಕ್ತಿ, ಎಲೆ, ಒದೆಯುವುದು, ಅವನ ಇಡೀ ಭಾಷಣ ಅವನದೇ ಧ್ವನಿಯಲ್ಲಿ ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದು ಅವನಿಗೂ ಗೊತ್ತಿತ್ತು. ಏಟಿಗೆ ಬೆನ್ನೊಡ್ಡಿದವನಂತೆ ಕಾಯುತ್ತಿದ್ದ. ನಾನು ಎಡ ಹುಬ್ಬನ್ನು ಒಂದಿಷ್ಟು ಏರಿಸಿದೆ, ಅಷ್ಟೇ.

ಅವನು ಬಿದ್ದು ಬಿದ್ದು ನಕ್ಕ. “ಸಾಯ್ತೇನಿ, ಇಳಸಲೇ ಅದನ್ನ! ನಾಳೆ ಸಂಜೀಕ ಕಟ್ಟೀ ಮ್ಯಾಲ ಇರ್ತೀಯಿಲ್ಲೋ?”

ಇರದೆ ಎಲ್ಲಿಗೆ ಹೋಗಲಿ? ಒಬ್ಬರಾದ ಮೇಲೆ ಒಬ್ಬರು ಹೊಡೆಯುವ ಆಟದಲ್ಲಿ ತಪ್ಪಿಗೂ ಪಾಳಿ ಇದ್ದರೆ ಜೋಡಿ ಬಾಳುತ್ತದೆ. ಬಹಳ ದಿನ ನನ್ನದೇ ನಡೆಯಿತು. ಸದ್ಯ ಪಾಳಿ ರಿಯಾಜನದು. ನಾನು ಆರಾಮಾಗಿ ಚುರುಮುರಿ ತಿನ್ನುತ್ತಿದ್ದೇನೆ.