ಸೀರೆಯಂಚಿಗೆ ಬಂದ ಹೆಬ್ಬಾತು

ಬೈನಾಕ್ಯುಲರ್ ಕೊಂಡವರು ಸುಮ್ಮನಿರುವುದಿಲ್ಲ. ನಾನೂ ಇರಲಿಲ್ಲ. ಮೊಳಕಾಲ್ಮೂರಿನ ನೇಕಾರ ನಾಗಪ್ಪನವರ ಮನೆಯಲ್ಲಿ ಟೀ ಕುಡಿಯುತ್ತಾ, "ಹಂಸದ ಖಾಸಾ ಬಂಧುಗಳು ನಮ್ಮ ಕೆರೆಗೇ ಬಂದಿವೆ" ಎಂದುಬಿಟ್ಟೆ.

ಅಲ್ಲಿಗೆ ಶುರು. ನಾಗಪ್ಪನವರು ಮಗಳು ಸುಜಾತಾಳ ಮದುವೆಗೆ ತಾವೇ ರೇಷ್ಮೆ ಸೀರೆ ನೇಯುವವರಿದ್ದರು. ಅಂಚಿಗೆ ಎದುರು ಬದುರಾಗಿ ಕೂತ ಜೋಡಿ ಹಂಸ. ಮರುದಿನ ಮಗ್ಗಕ್ಕೆ ಹಾಕುವ ಡಿಸೈನಿನ ರಟ್ಟಿನ ಕಾರ್ಡಿಗೆ ತೂತು ಹೊಡೆಸಬೇಕು. ಒಮ್ಮೆ ಹೊಡೆಸಿದರೆ ಮುಗಿಯಿತು, ಮಗ್ಗ ಅದನ್ನೇ ನೇಯುತ್ತದೆ.

"ನಾನ್ನಾ, ನನ್ ಸೀರೆ ಮ್ಯಾಲೆ ನಾನು ಕಣ್ಣಾರೆ ಕಂಡ ಹಕ್ಕಿನೇ ಇರ್ಬೇಕು" ಎಂದು ಸುಜಾತಾ ಹಟ ಹಿಡಿದಳು. (ಮನೆಮಾತು ತೆಲುಗು, ನಾನ್ನಾ ಎಂದರೆ ಅಪ್ಪ.)

ಹೊರಟೆವು. ನಾನು ಸ್ಕೂಟರಿನಲ್ಲಿ, ಅಪ್ಪ ಮಗಳು ಮೊಪೆಡ್ಡಿನಲ್ಲಿ. ಚಳ್ಳಕೆರೆ ರಸ್ತೆಯ ಕೆರೆ, ಪಕ್ಕದ ಕಡಲೆ ಹೊಲದಲ್ಲಿ ಪಟ್ಟೆತಲೆ ಹೆಬ್ಬಾತುಗಳ ಹಿಂಡು. ಹಿಮಾಲಯ ದಾಟಿ ಬಂದ ಅತಿಥಿಗಳು! ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ನನಗೆ ಸ್ವರ್ಗ. ನಾಗಪ್ಪನವರ ಮುಖ ಮಾತ್ರ ಹುಳ್ಳಗಾಯಿತು.

"ಮೇಡಂ, ಹಂಸ ಅಂದ್ರೆ ಬೆಳ್ಳಗಿರ್ತೈತೆ. ಇವು ಪಕ್ಕಾ ಕಳ್ಳರು ಕಣ್ರಿ, ಕಂಡೋರ ಹೊಲ ಮೇಯ್ತಾವೆ. ಇವನ್ನ ಮಗಳ ಮೈಮ್ಯಾಲೆ ಹಾಕ್ಲಾ?"

ಸುಜಾತಾ ಬೈನಾಕ್ಯುಲರ್ ಇಳಿಸಲೇ ಇಲ್ಲ. "ಅಲ್ನೋಡು ನಾನ್ನಾ. ಒಂದು ತಲೆ ಬಗ್ಸಿ ತಿಂತೈತೆ, ಪಕ್ಕದ್ದು ಕತ್ತೆತ್ತಿ ಕಾಯ್ತೈತೆ. ನಂಗೆ ಇದೇ ಬೇಕು."

"ಸರಿ ಬಿಡು. ತಿನ್ನೋನು ಗಂಡ, ಕಾಯೋಳು ಹೆಂಡ್ತಿ."

"ಅಲ್ಲ. ತಿನ್ನೋಳು ನಾನು, ಕಾಯೋರು ಅವ್ರು."

ನಾಗಪ್ಪನವರು ಬೆಚ್ಚಿದರು. ಬೀಗರು ಏನಂದಾರು? ನಮ್ಮ ಮನೆಗಳಲ್ಲಿ ಎಲ್ಲರ ಊಟ ಮುಗಿಯುವ ತನಕ ಕಾಯುವವರು ಯಾರೆಂದು ಬಿಡಿಸಿ ಹೇಳಬೇಕೆ? ಮದುವೆಯಲ್ಲಿ ಸೀರೆಯಂಚು ಹಿಡಿದು ವಿಚಾರಿಸದ ಹೆಂಗಸರು ಉಂಟೇ? (ನಾನೂ ವಿಚಾರಿಸುತ್ತೇನೆ.) ವಾಪಸು ಬರುವಾಗ ದಾರಿಯುದ್ದಕ್ಕೂ ಮೊಪೆಡ್ ಮೇಲೆ ವಾದ, ಅರ್ಧ ಕನ್ನಡ, ಅರ್ಧ ತೆಲುಗು. ಗೆದ್ದವಳು ಮಗಳು. ಪಟ್ಟೆ ಸಮೇತ ಹೆಬ್ಬಾತು ಕಾರ್ಡಿಗೆ ಏರಿತು.

ಮದುವೆಯ ದಿನ ನಾನು ಸುಜಾತಾಳ ಬೆನ್ನಿಗೇ ನಿಂತಿದ್ದೆ. ಕಿಡಿ ಹಚ್ಚಿದವಳು ನಾನೇ ತಾನೆ? ಸುಜಾತಾಳ ಅತ್ತೆ ಅಂಚು ಹಿಡಿದು ಕೇಳಿಯೇ ಕೇಳಿದರು, "ಇದೇನವ್ವಾ, ಒಂದು ಬಗ್ಗೈತೆ, ಒಂದು ನೋಡ್ತೈತೆ?"

ನಾಗಪ್ಪನವರು ಕಂಬದ ಮರೆ ಸೇರಿದರು. ಸುಜಾತಾ ಅಳುಕದೆ ಅರ್ಥ ಹೇಳಿದಳು. ಅತ್ತೆ ಊಟದ ಪಂಕ್ತಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಕಂಬದ ಕಡೆ ತಿರುಗಿದರು.

"ಬೀಗ್ರೇ, ನಂಗೂ ಇಂಥದೇ ಒಂದು ನೇಯ್ರಿ."

ಅವರ ಯಜಮಾನರು? ಮೊದಲ ಪಂಕ್ತಿಯಲ್ಲಿ ತಲೆ ಬಗ್ಗಿಸಿ ಪಾಯಸ ಸೊರ್ರೆಂದು ಹೀರುತ್ತಿದ್ದರು!