ಗಾಳಿ ಕುಡಿಯುವ ಕಾರು

ಆ ದಿನಗಳು ಸಿಹಿಯಾಗಿದ್ದವು ಎಂದು ಬರೆಯುವವರ ಮನೆಯಲ್ಲಿ ಹಳೆಯ ಕಾರು ಇದ್ದಿರಲಾರದು. ನನಗೆ ಹತ್ತು ವರ್ಷವಾಗಿದ್ದಾಗ ದೊಮ್ಮಲೂರಿನ ನಮ್ಮ ಮನೆಯಲ್ಲಿ ಒಂದಿತ್ತು. ಆಮೆಯ ಬೆನ್ನು, ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಪೆಟ್ರೋಲಿನ ವಾಸನೆ ಲಂಗಕ್ಕೆ ಹತ್ತಿ ಶಾಲೆಯವರೆಗೂ ಬರುತ್ತಿತ್ತು. ಮಳೆ ಬಂದರೆ ಕಾಲಡಿ ನೀರು. ಹಿಂದಿನ ಸೀಟಿನ ಬೆನ್ನಿಗಿದ್ದ ಗುಂಡಿಯಲ್ಲಿ ಮುದುಡಿ ಮಲಗಿ ಎಂಜಿನ್ನಿನ ಗಡಗಡ ಕೇಳುವುದೊಂದು ಸುಖವಿತ್ತು. ಅದನ್ನು ಒಪ್ಪಿಕೊಳ್ಳುತ್ತೇನೆ, ಅಷ್ಟೇ.

“ನೀರೇ ಬೇಡ ಕಣ್ರೀ ಇದಕ್ಕೆ, ರೇಡಿಯೇಟರ್ರೇ ಇಲ್ಲ. ಗಾಳಿ ಕುಡ್ಕೊಂಡು ಓಡುತ್ತೆ,” ಎಂದು ಅಪ್ಪ ಬೀದಿಯವರಿಗೆಲ್ಲ ಹೇಳುತ್ತಿದ್ದರು. ಬಣ್ಣಕ್ಕೊಂದು ಗೀರು ಬಿದ್ದರೆ ನನ್ನ ಬೆನ್ನಿಗೆ ಏಟು ಬೀಳುತ್ತಿತ್ತು.

ಅಮ್ಮ ಲೈಸೆನ್ಸ್ ತೆಗೆದುಕೊಂಡು ಎರಡು ವರ್ಷವಾಗಿದ್ದರೂ ಕೀ ಅವಳ ಕೈಗೆ ಬಂದಿರಲಿಲ್ಲ. ಆ ಆಯುಧಪೂಜೆಗೆ ಅಪ್ಪ ಒಪ್ಪಿದರು. ಕೆ.ಆರ್. ಪುರದ ತವರಿಗೆ ತಾನೇ ಓಡಿಸಿಕೊಂಡು ಹೋಗಿ ಅಣ್ಣನ ಬಾಗಿಲ ಮುಂದೆ ನಿಲ್ಲಿಸಬೇಕು. ಅಮ್ಮನಿಗೆ ಬೇಕಿದ್ದದ್ದು ಇಷ್ಟೇ.

ಕಾರಿಗೆ ಹೂ ಕಟ್ಟುವ ಕೆಲಸ ನನ್ನದು. ಗೀರು ಬೀಳದಿರಲೆಂದು ಹಿಂದಿನ ಗಾಜಿನ ಕೆಳಗೆ ಬಾಳೆಲೆ ಹಾಸಿ, ದಾರದಲ್ಲಿ ಬಿಗಿದು, ಎಲೆ ಕಾಣದಂತೆ ಹಾರ ಸುತ್ತಿದೆ. ಚೆಂಡುಹೂವೋ ಸೇವಂತಿಗೆಯೋ, ಪ್ರಮಾಣ ಮಾಡಲಾರೆ. ಎಲೆಯ ಬಗ್ಗೆ ಮಾಡಬಲ್ಲೆ. ಅದರಡಿಯ ಸೀಳುಗಳಿಂದಲೇ ಎಂಜಿನ್ನಿಗೆ ಗಾಳಿ ಹೋಗಬೇಕಿತ್ತು.

ಅಮ್ಮ ಓಡಿಸಿದಳು, ಅಪ್ಪ ಪಕ್ಕದಲ್ಲಿ. ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್‌ನಲ್ಲಿ ತೆವಳಿ, ಕೆ.ಆರ್. ಪುರದ ತೂಗುಸೇತುವೆ ಕಾಣುವ ಹೊತ್ತಿಗೆ ಸುಟ್ಟ ಎಣ್ಣೆಯ ನಾತ. ಎಂಜಿನ್ ಬಿಗಿದುಕೊಂಡು ನಿಂತಿತು.

“ಅಕ್ಕಾ, ಪೂಜೆ ಮುಗೀತಲ್ಲ, ಇನ್ನು ಕೆರೆಗೆ ಬಿಟ್ಬಿಡಿ!” ಎಂದು ಹಿಂದಿನ ಆಟೋದವನು ಕೂಗಿದ.

ಅಪ್ಪ ಅಮ್ಮನನ್ನು ಇಳಿಸಿ ತಾವು ಕೂತು ಕೀ ತಿರುಗಿಸತೊಡಗಿದರು. ನಾನು ಹಿಂದೆ ಹೋದೆ. ಬೆಂದ ಎಲೆ ಸೀಳುಗಳಿಗೆ ಅಂಟಿಕೊಂಡಿತ್ತು. ಅರ್ಥವಾಯಿತು. ಎಲೆ, ಹಾರ ಎರಡನ್ನೂ ಕಿತ್ತು ಮೋರಿಗೆ ಎಸೆದೆ.

“ಸೆಕೆಂಡ್ ಗೇರಲ್ಲೇ ಎಳೆದಾಡಿದ್ದೀಯ. ಕೊಂದ್ಬಿಟ್ಯಲ್ಲೇ ನನ್ ಗಾಡೀನ,” ಎಂದರು ಅಪ್ಪ, ನಡುರಸ್ತೆಯಲ್ಲಿ. ಎಲೆಯ ವಿಷಯ ನಾನು ಹೇಳಲಿಲ್ಲ.

ಶಿವಾಜಿನಗರದ ಮೆಕ್ಯಾನಿಕ್ ಎಂಜಿನ್ ಬಿಚ್ಚಿ, “ಗಾಳಿ ಸಿಕ್ಕಿಲ್ಲ ಸಾರ್ ಇದಕ್ಕೆ,” ಎಂದ. “ಗಾಳಿ ಅಲ್ಲಯ್ಯ, ಹೆಂಗಸರ ಡ್ರೈವಿಂಗು,” ಎಂದರು ಅಪ್ಪ.

ಕಾರು ಈಗಲೂ ಇದೆ. ಭಾನುವಾರ ಇಂದಿರಾನಗರದಲ್ಲಿ ಹುಡುಗರು ಅದಕ್ಕೊರಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಹೆಂಡತಿ ಎಂಜಿನ್ ಸುಟ್ಟ ಕತೆ ಹೇಳಿ ಅಪ್ಪ ಅವರನ್ನು ನಗಿಸುತ್ತಾರೆ. ಅಮ್ಮ ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ.

ಈ ವರ್ಷ ಅವಳಿಗೆ ಎಲೆಯ ವಿಷಯ ಹೇಳಿದೆ. ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಕೈ ನಿಂತಿತು.

“ಇಪ್ಪತ್ತು ವರ್ಷದಿಂದ ಆ ರಸ್ತೇಲಿ ತಲೆಯೊಳಗೇ ಓಡಿಸ್ತಾ ಇದೀನಿ ಕಣೇ. ಗೇರಾ, ಕ್ಲಚ್ಚಾ, ಎಲ್ಲಿ ತಪ್ಪಿದೆ ಅಂತ.”

“ಚಿಕ್ಕವಳಿದ್ದೆ ಅಮ್ಮ. ಹೆದರ್ಕೊಂಡೆ.”

“ಆಗ ಚಿಕ್ಕವಳು, ಸರಿ. ನಿನ್ ಲೈಸೆನ್ಸ್ ತಗೊಂಡು ಕುಣ್ಕೊಂಡು ಬಂದ್ಯಲ್ಲ, ಆವತ್ತು?”

ಕಾರನ್ನು ದ್ವೇಷಿಸುವುದು ಅಲ್ಲಿಯವರೆಗೆ ಸುಲಭವಾಗಿತ್ತು. ಆ ಹಬ್ಬದಂದು ಅಮ್ಮನಿಗೆ ಮೂವತ್ತೈದು. ಆಮೇಲಿನ ಬೆಂಗಳೂರನ್ನೆಲ್ಲ ಅವಳು ನೋಡಿದ್ದು ಯಾರದೋ ಹಿಂದಿನ ಸೀಟಿನಿಂದ. ಅವಳ ಲೈಸೆನ್ಸಿನ ಅವಧಿಯೂ ಮುಗಿದಿದೆ. ಮತ್ತೆ ಮಾಡಿಸೋಣ್ವಾ ಎಂದು ಕೇಳಿದೆ.

“ಯಾರ ಸಮಾಧಾನಕ್ಕೆ?” ಎಂದಳು. “ನನ್ನದಕ್ಕಾ, ನಿನ್ನದಕ್ಕಾ?”